ಚಪ್ಪಲಿ ಜಾರುವ ಕಾಲಿಗೆ ಸೈಕಲ್ ಟ್ಯೂಬು

ನಮ್ಮಪ್ಪನ ಎಡಗಾಲಿನ ಹವಾಯಿ ಚಪ್ಪಲಿ ಯಾವಾಗಲೂ ಅವರಿಗಿಂತ ಎರಡು ಹೆಜ್ಜೆ ಹಿಂದೆ ಇರುತ್ತಿತ್ತು. ಹೊಂಗನೂರಿನ ಕೆರೆ ಏರಿಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬರುವಾಗ ಅದು ಕಾಲಿಂದ ಜಾರಿ ಅಲ್ಲೇ ಉಳಿದುಬಿಡುತ್ತಿತ್ತು. ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಹಿಂದೆ ಬರುತ್ತಿದ್ದ ನಾನು ಅದನ್ನೆತ್ತಿಕೊಂಡು ಓಡಿಹೋಗಿ ಕೊಡಬೇಕು. ಬರಿಗಾಲಿಗೆ ಮಣ್ಣು ತಾಗುವುದು ಒಬ್ಬ ಮನುಷ್ಯನಿಗೆ ಹೇಗೆ ತಿಳಿಯುವುದಿಲ್ಲ ಎಂದು ಆಗ ನನಗೆ ನಗು ಬರುತ್ತಿತ್ತು. ಈಗ ನನ್ನ ಚಪ್ಪಲಿ ಹಿಂದೆ ಉಳಿಯುತ್ತದೆ, ಎತ್ತಿಕೊಡಲು ಮಗಳಿದ್ದಾಳೆ.

ಚಪ್ಪಲಿಯೊಂದೇ ಅಲ್ಲ. ಇನ್ನೂ ಕೆಲವು ಸಣ್ಣ ಸಣ್ಣ ಸಂಗತಿಗಳಿದ್ದವು, ಯಾವುದನ್ನೂ ಯಾರೂ ಕಾಯಿಲೆ ಎಂದುಕೊಂಡಿರಲಿಲ್ಲ. ಅಪ್ಪ ಕುಕ್ಕರಗಾಲಲ್ಲಿ ಕೂತರೆ ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ಬಲವಂತವಾಗಿ ಊರಿದರೆ ಹಿಂದಕ್ಕೆ ಬೀಳುತ್ತಿದ್ದರು. ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ಒಂದು ಕೈ ಗೋಡೆ ಹುಡುಕುತ್ತಿತ್ತು. ಅಂಗಿಯ ಗುಂಡಿಯನ್ನು ಅವ್ವನೇ ಹಾಕಿಕೊಡುತ್ತಿದ್ದಳು, ಅದನ್ನು ಪ್ರೀತಿಯ ಲೆಕ್ಕಕ್ಕೆ ಬರೆದುಕೊಂಡಿದ್ದೆವು. ಇನ್ನು ನಡಿಗೆ. ಪಾದದ ಮುಂಭಾಗ ಮೇಲೇಳದ ಕಾರಣ ಮಂಡಿಯನ್ನು ಎತ್ತರಕ್ಕೆತ್ತಿ, ನೀರಲ್ಲಿ ನಡೆದಂತೆ ಹೆಜ್ಜೆ ಹಾಕುತ್ತಿದ್ದರು. ಊರಲ್ಲಿ ಅವರಿಗೆ ಕೊಕ್ಕರೆ ಎಂದೇ ಅಡ್ಡಹೆಸರು. ನಮ್ಮಿಂದ ಬಹಳ ದೂರವೇನಿಲ್ಲದ ಕೊಕ್ಕರೆ ಬೆಳ್ಳೂರಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುವ ಹಕ್ಕಿಗಳನ್ನು ನೋಡಿದವರಿಗೆ ಆ ಹೆಸರು ಏಕೆಂದು ಬಿಡಿಸಿ ಹೇಳಬೇಕಿಲ್ಲ. ವೈದ್ಯರ ಪುಸ್ತಕದಲ್ಲೂ ಈ ಕಾಲಿಗೆ ಕೊಕ್ಕರೆ ಕಾಲು ಎಂದೇ ಹೆಸರಿದೆ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಮೊಣಕಾಲಿನ ಕೆಳಗೆ ಮಾಂಸ ಕರಗಿ, ಮೇಲೆ ತೊಡೆ ಗಟ್ಟಿಯಾಗಿಯೇ ಉಳಿದಾಗ ಕಾಲು ಹಾಗೆ ಕಾಣುತ್ತದೆ. ಅಡ್ಡಹೆಸರಿಟ್ಟ ಊರಿನವರು ರೋಗವನ್ನು ಡಾಕ್ಟರಿಗಿಂತ ಮೊದಲೇ ಗುರುತಿಸಿದ್ದರು ಅನ್ನಬೇಕು.

ನನ್ನ ಸರದಿ ಬಂದಾಗ ಚನ್ನಪಟ್ಟಣದಲ್ಲಿ ರೈಲು ಹತ್ತಿ ಬೆಂಗಳೂರಿಗೆ, ಅಲ್ಲಿಂದ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋದೆ. ನರದಲ್ಲಿ ಸಂದೇಶ ಎಷ್ಟು ವೇಗವಾಗಿ ಓಡುತ್ತದೆಂದು ಅಳೆಯುವ ಪರೀಕ್ಷೆ ಅದು. ಮೊಣಕೈ ಹತ್ತಿರ ಸಣ್ಣ ಕರೆಂಟ್ ಹೊಡೆಸಿ, ಅಂಗೈಗೆ ಬಂದು ಸೇರಲು ಎಷ್ಟು ಹೊತ್ತಾಯಿತೆಂದು ನೋಡುತ್ತಾರೆ. ಆರೋಗ್ಯವಂತರ ಕೈಯಲ್ಲಿ ಅದು ಸೆಕೆಂಡಿಗೆ ಸುಮಾರು 50 ಮೀಟರ್ ಅಥವಾ ಅದಕ್ಕೂ ಹೆಚ್ಚು. 38ಕ್ಕಿಂತ ಕೆಳಗಿಳಿದರೆ ನರದ ಹೊದಿಕೆಯೇ ಕೆಟ್ಟಿದೆ ಎಂದು ಅರ್ಥ. ನನ್ನದು ಅದಕ್ಕಿಂತ ಸಾಕಷ್ಟು ಕೆಳಗಿತ್ತು. ಕಾಯಿಲೆಯ ಹೆಸರು ಶಾರ್ಕೋ-ಮರಿ-ಟೂತ್, ಚಿಕ್ಕದಾಗಿ ಸಿಎಂಟಿ. ಚೀಟಿ ನೋಡಿದ ನಮ್ಮ ಭಾವ, "ಹಲ್ಲಿನ ಡಾಕ್ಟ್ರತ್ರ ಓಗ್ಬೇಕೇನಪ್ಪ?" ಅಂದರು. ಹಲ್ಲಿಗೂ ಇದಕ್ಕೂ ಸಂಬಂಧವಿಲ್ಲ. 1886ರಲ್ಲಿ ಪ್ಯಾರಿಸ್‌ನ ಶಾರ್ಕೋ ಮತ್ತು ಅವರ ಶಿಷ್ಯ ಪಿಯೆರ್ ಮರಿ, ಅದೇ ವರ್ಷ ಇಂಗ್ಲೆಂಡಿನ ಹೊವಾರ್ಡ್ ಟೂತ್ ಇದನ್ನು ವಿವರಿಸಿ ಬರೆದರು. ಮೂವರ ಹೆಸರೂ ಅಂಟಿಕೊಂಡಿತು.

ನರದ ಹೊದಿಕೆ ಎಂದರೇನು ಎಂದು ಅಪ್ಪನಿಗೆ ಹೇಳಲು ನನಗೆ ಚನ್ನಪಟ್ಟಣದ ಬೊಂಬೆಯೇ ನೆರವಿಗೆ ಬಂತು. ಲೇತ್‌ನಲ್ಲಿ ಹಾಲೆ ಮರದ ತುಂಡು ತಿರುಗುತ್ತಿರುತ್ತದೆ, ಅದಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ತೆಳ್ಳಗೆ ಹತ್ತುತ್ತದೆ. ನರದ ಎಳೆಗೂ ಹಾಗೇ ಮಯಲಿನ್ ಎಂಬ ಕೊಬ್ಬಿನ ಲೇಪ ಸುತ್ತಿರುತ್ತದೆ. ಅರಗು ಸಮನಾಗಿ ಹತ್ತಿದರೆ ಬೊಂಬೆ ಹೊಳೆಯುತ್ತದೆ, ಒಂದು ಕಡೆ ಗಡ್ಡೆಗಟ್ಟಿ ಇನ್ನೊಂದು ಕಡೆ ಬಿಟ್ಟುಹೋದರೆ ಸಿಪ್ಪೆಯೇಳುತ್ತದೆ. ನಮ್ಮ ನರದಲ್ಲಿ ಲೇಪ ಕಿತ್ತುಬರುತ್ತದೆ, ದೇಹ ಮತ್ತೆ ಹಚ್ಚುತ್ತದೆ, ಮತ್ತೆ ಕಿತ್ತುಬರುತ್ತದೆ. ಹೀಗೆ ಪದರದ ಮೇಲೆ ಪದರ ಕೂತ ನರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೊಯ್ದ ಈರುಳ್ಳಿಯಂತೆ ಕಾಣುತ್ತದಂತೆ. ಹೊದಿಕೆ ಕೆಟ್ಟು ಕೆಟ್ಟು ಕೊನೆಗೆ ಒಳಗಿನ ಎಳೆಯೇ ಸೊರಗುತ್ತದೆ. ಅತಿ ಉದ್ದದ ನರ ಮೊದಲು ಸೋಲುವುದರಿಂದ ಪಾದ ಮೊದಲು, ಕೈಬೆರಳು ಆಮೇಲೆ.

ಸಿಎಂಟಿಯಲ್ಲಿ ಅತಿ ಸಾಮಾನ್ಯವಾದ ಬಗೆಗೆ ಕಾರಣ ವಿಚಿತ್ರವಾಗಿದೆ. ಹದಿನೇಳನೇ ವರ್ಣತಂತುವಿನಲ್ಲಿ ಪಿಎಂಪಿ22 ಎಂಬ ವಂಶವಾಹಿ ಇದೆ. ಎಲ್ಲರಿಗೂ ತಾಯಿಯಿಂದ ಒಂದು, ತಂದೆಯಿಂದ ಒಂದು ಬಂದು ಎರಡು ಪ್ರತಿಗಳಿರಬೇಕು. ಈ ಬಗೆಯ ಕಾಯಿಲೆಯವರಿಗೆ ಮೂರು ಇರುತ್ತವೆ. ಒಂದು ಪ್ರತಿ ಜಾಸ್ತಿಯಾದದ್ದೇ ತೊಂದರೆ. 1991ರಲ್ಲಿ ಇದು ಪತ್ತೆಯಾಯಿತು. ಪತ್ತೆ ಮಾಡಿದವರಲ್ಲಿ ಒಬ್ಬರು ಅಮೆರಿಕದ ಜೇಮ್ಸ್ ಲುಪ್ಸ್ಕಿ, ಅವರಿಗೇ ಈ ಕಾಯಿಲೆ ಇತ್ತು. ಆದರೆ ತಾವು ಕಂಡುಹಿಡಿದ ಕಾರಣ ಅವರ ದೇಹದಲ್ಲಿರಲಿಲ್ಲ! ಅವರ ಕುಟುಂಬದ ಕಾರಣ ತಿಳಿಯಲು ಇನ್ನೂ ಹತ್ತೊಂಬತ್ತು ವರ್ಷ ಬೇಕಾಯಿತು. 2010ರಲ್ಲಿ ಅವರ ಇಡೀ ಜೀನೋಮ್ ಓದಿದಾಗ ಬೇರೆಯೇ ಒಂದು ವಂಶವಾಹಿಯ ದೋಷ ಸಿಕ್ಕಿತು. ಅಪ್ಪನ ಕಡೆಯಿಂದೊಂದು, ಅಮ್ಮನ ಕಡೆಯಿಂದೊಂದು, ಎರಡೂ ಕಡೆಯ ದೋಷ ಸೇರಿದಾಗ ಮಾತ್ರ ಬರುವ ಬಗೆ ಅದು.

ಈ ಎರಡು ಬಗೆಗಳ ವ್ಯತ್ಯಾಸ ನಮ್ಮ ಕಡೆ ಮುಖ್ಯ. ಸೋದರಮಾವನಿಗೆ, ಸೋದರತ್ತೆ ಮಗನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ವಾಡಿಕೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ಲೆಕ್ಕ ಹಾಕಿದಾಗ ಹೆಚ್ಚೂಕಡಿಮೆ ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೇ ಆಗಿತ್ತು. ಎರಡೂ ಕಡೆಯ ದೋಷ ಸೇರಬೇಕಾದ ಬಗೆಗಳು ಇಂಥ ಮದುವೆಗಳಲ್ಲಿ ತಲೆಯೆತ್ತುವ ಸಾಧ್ಯತೆ ಹೆಚ್ಚು. ನಮ್ಮ ಮನೆಯದು ಹಾಗಲ್ಲ. ಒಬ್ಬರಲ್ಲಿದ್ದರೆ ಸಾಕು, ಪ್ರತಿ ಮಗುವಿಗೂ ನೂರಕ್ಕೆ ಐವತ್ತರಷ್ಟು ಸಾಧ್ಯತೆ, ಗಂಡಾಗಲಿ ಹೆಣ್ಣಾಗಲಿ. ಅಪ್ಪ ಅಕ್ಕನ ಮಗಳನ್ನು ಮದುವೆಯಾಗಿದ್ದರೂ ಅಷ್ಟೇ, ದಾವಣಗೆರೆಯಿಂದ ಹೆಣ್ಣು ತಂದಿದ್ದರೂ ಅಷ್ಟೇ. ಇದನ್ನು ನಮ್ಮತ್ತೆಗೆ ತಿಳಿಸಿ ಹೇಳಿದ ದಿನ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಂಬಂಧದೊಳಗಿನ ಮದುವೆಯೇ ಕಾರಣವೆಂದು ನಲವತ್ತು ವರ್ಷ ಆ ತಪ್ಪನ್ನು ತನ್ನ ತವರಿನ ಮೇಲೆ ಹೊತ್ತುಕೊಂಡಿದ್ದರು.

ಇನ್ನೊಂದು ಕಳಂಕ ಇದಕ್ಕಿಂತ ಕೆಟ್ಟದು. ಜೋಲುವ ಪಾದ, ಸ್ಪರ್ಶವಿಲ್ಲದ ಬೆರಳು, ಚರ್ಮದಡಿ ದಪ್ಪಗೆ ಕೈಗೆ ಸಿಗುವ ನರ, ಇವೆಲ್ಲ ಕುಷ್ಠದಲ್ಲೂ ಇರುತ್ತವೆ. ಅಜ್ಜನನ್ನು ಪಂಕ್ತಿಯ ಕೊನೆಯಲ್ಲಿ ಕೂರಿಸುತ್ತಿದ್ದರಂತೆ. ಯಾಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕೆಲಸ ಬೇರೆ, ಕಸರತ್ತು ಬೇರೆ

ಈಗ ಅಸಲು ವಿಷಯ. ಈ ಕಾಯಿಲೆಗೆ ಇವತ್ತಿಗೂ ವಾಸಿ ಮಾಡುವ ಔಷಧಿ ಇಲ್ಲ. ಇಲಿಗಳಿಗೆ ಸಿ ವಿಟಮಿನ್ ಕೊಟ್ಟು ಆಸೆ ಹುಟ್ಟಿತ್ತು, ಮನುಷ್ಯರ ಮೇಲೆ ಇಟಲಿ ಮತ್ತು ಬ್ರಿಟನ್ನಿನಲ್ಲಿ ದೊಡ್ಡದಾಗಿ ಪ್ರಯೋಗ ಮಾಡಿ ನೋಡಿದಾಗ ಏನೂ ಆಗಲಿಲ್ಲ. ಉಳಿದದ್ದು ವ್ಯಾಯಾಮ, ಪಾದಕ್ಕೆ ಆಸರೆ, ಬೇಕಾದವರಿಗೆ ಶಸ್ತ್ರಚಿಕಿತ್ಸೆ. ನಿಮ್ಹಾನ್ಸ್‌ನಿಂದ ಬಂದು ಅಂಗಳದಲ್ಲಿ ಕೂತು, "ದಿನಾ ಕಸರತ್ತು ಮಾಡ್ಬೇಕಂತೆ" ಅಂದೆ. ಅಪ್ಪ ಬೀಡಿ ಕೆಳಗಿಟ್ಟು, "ಒಲ್ದಾಗೆ ಗೇಯೋನ್ಗೆ ಕಸ್ರತ್ತು ಯಾಕ್ಲಾ ಮಗ? ಅದು ಪ್ಯಾಟೆಯೋರ್ಗೆ" ಅಂದರು.

ಅಪ್ಪನ ಮಾತು ತಪ್ಪೆಂದು ನನಗೆ ಅರ್ಥವಾಗಲು ಎರಡು ವರ್ಷ ಹಿಡಿಯಿತು. ಅದಕ್ಕೆ ಮೊದಲು ಅದರ ಎದುರು ತಪ್ಪನ್ನು ನಾನೇ ಮಾಡಿದೆ. ಬೆಂಗಳೂರಿನಲ್ಲಿ ಒಂದು ಜಿಮ್‌ಗೆ ಸೇರಿದೆ. ಅಲ್ಲಿನ ತರಬೇತಿ ಹುಡುಗ ಒಳ್ಳೆಯವನೇ, ಆದರೆ ಅವನಿಗೆ ಗೊತ್ತಿದ್ದದ್ದು ಒಂದೇ ಸೂತ್ರ: ನೋವಾದರೆ ಸ್ನಾಯು ಬೆಳೆಯುತ್ತದೆ. ಏರು ಇಟ್ಟ ಟ್ರೆಡ್‌ಮಿಲ್, ಪೆಟ್ಟಿಗೆ ಮೇಲೆ ಹಾರುವುದು, ತುದಿಗಾಲಲ್ಲಿ ನಿಂತು ಏಳುವುದು. ಮೂರನೇ ವಾರ ಬಲ ಹರಡು ಉಳುಕಿತು. ಉಳುಕಿದ್ದು ನನಗೆ ತಿಳಿದದ್ದು ಸಂಜೆ, ಶೂ ಬಿಚ್ಚಿ ಊತ ಕಂಡಾಗ. ಅಲ್ಲಿಂದ ಆರು ವಾರ ಮಂಚ. ಆ ಆರು ವಾರದಲ್ಲಿ ಕಳೆದುಕೊಂಡ ತೊಡೆಯ ಬಲ ಮತ್ತೆ ಪೂರ್ತಿ ಬರಲೇ ಇಲ್ಲ.

ಆಮೇಲೆ ಸಿಕ್ಕ ಫಿಸಿಯೋಥೆರಪಿಸ್ಟ್ ಒಬ್ಬ ಹೆಣ್ಣುಮಗಳು, ಮಂಡ್ಯ ಕಡೆಯವರು. ಅವರು ಕೇಳಿದ ಮೊದಲ ಪ್ರಶ್ನೆ: "ನಿಮ್ಮಪ್ಪ ದಿನಾ ಮಾಡೋ ಕೆಲಸ ಏನು, ಒಂದೊಂದಾಗಿ ಹೇಳಿ." ಹೇಳಿದೆ. ಸೊಪ್ಪು ಕೊಯ್ಯುವುದು, ಹೊರೆ ಹೊರುವುದು, ಕಳೆ ಕೀಳುವುದು, ಹುಳುವಿನ ಮನೆಯಲ್ಲಿ ನಿಂತು ಸೊಪ್ಪು ಹಾಕುವುದು, ಹುಲ್ಲು ತರುವುದು. ಅವರು ಕಾಗದದ ಮೇಲೆ ಮನುಷ್ಯನ ಚಿತ್ರ ಬರೆದು ಒಂದೊಂದು ಕೆಲಸಕ್ಕೂ ಗುರುತು ಹಾಕಿದರು. ಗುರುತುಗಳೆಲ್ಲ ಸೊಂಟ, ಹೆಗಲು, ಮೀನಖಂಡದ ಮೇಲೆ ರಾಶಿ ಬಿದ್ದವು. ಪಾದವನ್ನು ಮೇಲೆತ್ತುವ ಸ್ನಾಯು, ಹರಡನ್ನು ಪಕ್ಕಕ್ಕೆ ಹಿಡಿಯುವ ಸ್ನಾಯು, ಒಂಟಿಕಾಲಲ್ಲಿ ನಿಂತಾಗ ದೇಹ ವಾಲದಂತೆ ತಡೆಯುವ ಪಿರ್ರೆಯ ಸ್ನಾಯು, ಇವುಗಳ ಮೇಲೆ ಒಂದೂ ಇಲ್ಲ. "ನೋಡಿ, ದುಡಿಮೆ ದೇಹದಿಂದ ಕೆಲಸ ತಗೊಳ್ಳುತ್ತೆ. ಯಾವ ಕಡೆಯಿಂದ ತಗೊಳ್ತಿದೆ ಅಂತ ಅದಕ್ಕೆ ಲೆಕ್ಕ ಇಲ್ಲ" ಅಂದರು. ಗಟ್ಟಿ ಇರುವ ಸ್ನಾಯು ಸೋತದ್ದರ ಪಾಲನ್ನೂ ಹೊತ್ತುಕೊಂಡು ಮತ್ತಷ್ಟು ಬಿಗಿಯುತ್ತದೆ, ಸೋತದ್ದು ಇನ್ನೂ ಸೋಲುತ್ತದೆ. ಅಪ್ಪನ ಹಿಮ್ಮಡಿ ನೆಲ ಮುಟ್ಟದಿದ್ದದ್ದು ಹೀಗೆ, ಮೀನಖಂಡ ಬಿಗಿದು ಹಿಮ್ಮಡಿಯ ನರ ಗಿಡ್ಡವಾಗಿ. (ನಾವು ಹಿಮ್ಮಡಿಯ ನರ ಅನ್ನುವುದು ನಿಜಕ್ಕೂ ನರವಲ್ಲ, ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ. ನಮ್ಮ ಭಾಷೆಯಲ್ಲಿ ನರ ಎಂಬ ಒಂದೇ ಪದ ರಕ್ತನಾಳಕ್ಕೂ ಹುರಿಗೂ ನಿಜವಾದ ನರಕ್ಕೂ ಸಲ್ಲುವುದರಿಂದ ಆಸ್ಪತ್ರೆಯಲ್ಲಿ ಎಷ್ಟು ಗೊಂದಲವಾಗುತ್ತದೆಂದು ಡಾಕ್ಟರುಗಳನ್ನೇ ಕೇಳಬೇಕು.)

ವ್ಯಾಯಾಮದಿಂದ ಸೋತ ಸ್ನಾಯು ಇನ್ನಷ್ಟು ಬೇಗ ಸವೆಯುತ್ತದೆ ಎಂಬ ಭಯ ವೈದ್ಯರಿಗೂ ಬಹುಕಾಲ ಇತ್ತು. 2003ರಲ್ಲಿ ಇಟಲಿಯ ವೈದ್ಯರು ಇಂಥ ರೋಗಿಗಳ ಎರಡೂ ಕೈಗಳ ಬಲ ಅಳೆದು, ಹೆಚ್ಚು ಬಳಸುವ ಬಲಗೈಯೇ ಎಡಗೈಗಿಂತ ಸೋತಿದೆ ಎಂದು ಬರೆದರು. ಅತಿ ದುಡಿಮೆಯಿಂದ ಬರುವ ಸೋಲು ಎಂದು ಅದಕ್ಕೆ ಹೆಸರೂ ಇಟ್ಟರು. ಆಮೇಲೆ ಬೇರೆಯವರು ಮತ್ತೆ ಅಳೆದಾಗ ಹಾಗೆ ಕಾಣಲಿಲ್ಲ. ಅದಕ್ಕೂ ಮೊದಲೇ, 1995ರಲ್ಲಿ, ನೆದರ್ಲೆಂಡ್ಸ್‌ನವರು ಇಪ್ಪತ್ನಾಲ್ಕು ವಾರ ವಾರಕ್ಕೆ ಮೂರು ದಿನ ಮನೆಯಲ್ಲೇ ತೂಕ ಎತ್ತಿಸಿ, ತೊಡೆಯ ಬಲ ಹೆಚ್ಚಿತು, ಹಾನಿ ಕಾಣಲಿಲ್ಲ ಎಂದು ತೋರಿಸಿದ್ದರು.

ನನ್ನ ಮನಸ್ಸಿಗೆ ನಾಟಿದ್ದು ಸಿಡ್ನಿಯ ಪ್ರಯೋಗ, ಅದು ಮಕ್ಕಳದು. ಆರರಿಂದ ಹದಿನೇಳು ವರ್ಷದ 60 ಮಕ್ಕಳು. ಅರ್ಧ ಮಕ್ಕಳಿಗೆ ಪಾದ ಮೇಲೆತ್ತುವ ಸ್ನಾಯುವಿಗೆ ನಿಧಾನವಾಗಿ ಭಾರ ಹೆಚ್ಚಿಸುತ್ತ ಆರು ತಿಂಗಳು ತರಬೇತಿ, ಇನ್ನರ್ಧಕ್ಕೆ ಹೆಸರಿಗೆ ಮಾತ್ರ ತರಬೇತಿ. ಆರು ತಿಂಗಳ ಕೊನೆಗೆ ಅಳೆದರೆ ಎರಡೂ ಗುಂಪಿಗೆ ಅಂಥ ವ್ಯತ್ಯಾಸವಿಲ್ಲ. ನಾವಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದೆವು. ಎರಡು ವರ್ಷದ ಕೊನೆಗೆ ಮತ್ತೆ ಅಳೆದಾಗ ತರಬೇತಿ ಪಡೆದ ಮಕ್ಕಳ ಪಾದ ಅಷ್ಟಾಗಿ ಸೋತಿರಲಿಲ್ಲ, ಉಳಿದವರದು ಇಳಿದಿತ್ತು. 2017ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಓದಿದ ರಾತ್ರಿ ನಾನು ಮಗಳನ್ನು ಎಬ್ಬಿಸಿ ಹಿಮ್ಮಡಿಯ ಮೇಲೆ ನಡೆಸಿ ನೋಡಿದೆ. ಬೆರಳುಗಳನ್ನು ಮೇಲೆತ್ತಿ ಹಿಮ್ಮಡಿಯಲ್ಲೇ ಹತ್ತು ಹೆಜ್ಜೆ. ಈ ಕಾಯಿಲೆಯಲ್ಲಿ ಮೊದಲು ತಪ್ಪಿಹೋಗುವುದು ಅದೇ. ನಡೆದಳು, ನಿದ್ದೆಗಣ್ಣಲ್ಲಿ ಬೈದುಕೊಂಡೇ. ಆಕೆಗೆ ವಂಶವಾಹಿ ಪರೀಕ್ಷೆ ಮಾಡಿಸಬೇಕೋ ಬೇಡವೋ ಎಂಬುದು ನಮ್ಮ ಮನೆಯಲ್ಲಿ ಇನ್ನೂ ಮುಗಿಯದ ಚರ್ಚೆ.

ನಿಮ್ಮ ಶಾಲೆಯಲ್ಲಿ ಓಟದಲ್ಲಿ ಸದಾ ಕೊನೆಗೆ ಬರುವ, ಕುಂಟೆಬಿಲ್ಲೆಯಲ್ಲಿ ಒಂಟಿಕಾಲಲ್ಲಿ ನಿಲ್ಲಲಾಗದ, ಪದೇ ಪದೇ ಹರಡು ಉಳುಕಿಸಿಕೊಳ್ಳುವ, ಪಾದದ ಕಮಾನು ಎತ್ತರವಾದ ಮಗು ಇದ್ದರೆ, ಪಿಟಿ ಮೇಷ್ಟರು ಅದನ್ನು ಸೋಮಾರಿ ಅನ್ನುವ ಮುಂಚೆ ಒಮ್ಮೆ ಹೀಗೆ ನಡೆಸಿ ನೋಡಲಿ.

ಮಂಚದ ಕಾಲಿಗೆ ಕಟ್ಟಿದ ರಬ್ಬರು

ನನ್ನ ಈಗಿನ ಕಸರತ್ತಿಗೆ ದುಬಾರಿ ಸಾಮಾನೇನೂ ಬೇಡ. ಪಂಕ್ಚರ್ ಅಂಗಡಿಯಲ್ಲಿ ಬಿಸಾಡಿದ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಒಂದು ತುದಿಯನ್ನು ಮಂಚದ ಕಾಲಿಗೆ ಕಟ್ಟಿ, ಇನ್ನೊಂದು ತುದಿಯ ಕುಣಿಕೆಯನ್ನು ಪಾದದ ಮುಂಭಾಗಕ್ಕೆ ಹಾಕಿ, ಬೆರಳುಗಳನ್ನು ನನ್ನ ಕಡೆ ಎಳೆದುಕೊಳ್ಳುತ್ತೇನೆ. ನಿಧಾನಕ್ಕೆ ಎಳೆ, ನಿಧಾನಕ್ಕೆ ಬಿಡು. ಕಾಲುಚೀಲ ಹಾಕದೆ ಇದನ್ನು ಮಾಡುವಂತಿಲ್ಲ, ಯಾಕೆಂದರೆ ರಬ್ಬರು ಚರ್ಮ ಕೊಯ್ದರೂ ನನಗೆ ತಿಳಿಯುವುದಿಲ್ಲ. ಆಮೇಲೆ ಗೋಡೆಗೆ ಕೈಯೂರಿ, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲಕ್ಕೊತ್ತಿ ಮೀನಖಂಡ ಹಿಗ್ಗಿಸುವುದು. ಇದು ದಿನಕ್ಕೆರಡು ಸಲ, ತಪ್ಪುವಂತಿಲ್ಲ. ಗಿಡ್ಡವಾದ ಹುರಿಯನ್ನು ಬೇರೆ ಯಾವ ಎಣ್ಣೆಯೂ ಉದ್ದ ಮಾಡುವುದಿಲ್ಲ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಪಕ್ಕಕ್ಕೆ ಮಲಗಿ ಕಾಲೆತ್ತುವುದು ತೊಡೆಗೆ, ಪಿರ್ರೆಗೆ. ಕಾಯಿಲೆ ಕೊನೆಗೆ ಮುಟ್ಟುವ ಜಾಗ ಅವು, ಆದ್ದರಿಂದ ತುಂಬಿಡಬೇಕಾದ ಕಣಜವೂ ಅವೇ. ಒಂದು ಎಚ್ಚರವಿದೆ. ಪಾದ ತನ್ನ ಭಾರವನ್ನೇ ಎತ್ತಲಾರದಷ್ಟು ಸೋತಿದ್ದರೆ ಅದಕ್ಕೆ ಟ್ಯೂಬು ಬೇಡ. ಅಲ್ಲಿಗೆ ಬೇಕಾದದ್ದು ಹರಡು ಮತ್ತು ಪಾದವನ್ನು ಹಿಡಿದು ನಿಲ್ಲಿಸುವ ಪ್ಲಾಸ್ಟಿಕ್ ಆಸರೆ. ಅದನ್ನು ಹಾಕಿಕೊಂಡರೆ ಕುಂಟ ಅನ್ನುತ್ತಾರೆಂದು ಹಾಕದೆ ಬಿದ್ದು ಸೊಂಟ ಮುರಿದುಕೊಂಡವರನ್ನು ನಾನು ಬಲ್ಲೆ.

ಉಸಿರಿಗೆ ಸೈಕಲ್ ಒಳ್ಳೆಯದು. ನಿಂತಲ್ಲೇ ತುಳಿಯುವ ಸೈಕಲ್ ಇನ್ನೂ ಒಳ್ಳೆಯದು, ಬೀಳುವ ಮಾತಿಲ್ಲ, ಪೆಡಲಿಗೆ ಪಟ್ಟಿ ಕಟ್ಟಿದರೆ ಪಾದ ಜಾರುವುದಿಲ್ಲ. ಲಂಡನ್ನಿನಲ್ಲಿ ಹನ್ನೆರಡು ವಾರ ಹೀಗೆ ತುಳಿಸಿ ನೋಡಿದಾಗ ದಮ್ಮು ಹೆಚ್ಚಿತು. ಎಷ್ಟು ಜೋರಾಗಿ ಎಂದರೆ, ತುಳಿಯುತ್ತ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ನಡೆಯುವುದಾದರೆ ಸಮತಟ್ಟು ರಸ್ತೆ. ನಾನು ಕೆರೆ ಏರಿ ಬಿಟ್ಟದ್ದು ಬೇಸರದಿಂದಲೇ, ಬೆಳಗಿನ ಗಾಳಿಗೆ ಅಂಥ ಜಾಗ ಊರಲ್ಲಿ ಇನ್ನೊಂದಿಲ್ಲ. ಆದರೆ ಏರಿಯ ಅಂಚು ಒಂದು ಕಡೆಗೆ ವಾಲಿರುತ್ತದೆ, ಹರಡು ಮಗುಚಲು ಅಷ್ಟು ಸಾಕು. ಈಜು ಕೀಲಿಗೆ ಹಿತ, ಹಾಗೆಂದು ಬಾವಿಗೋ ಕಣ್ವ ಜಲಾಶಯಕ್ಕೋ ಒಬ್ಬರೇ ಇಳಿಯುವುದು ಹುಚ್ಚು. ಕಾಲು ನೀರು ಒದೆಯುತ್ತಿದೆಯೋ ಇಲ್ಲವೋ ತಿಳಿಯದವರಿಗೆ ಕೊಳದ ಅಂಚೂ ಜೊತೆಗೊಬ್ಬರೂ ಬೇಕು.

ಯೋಗದ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಸದಾ ಕಾಯಿಲೆಯ ಹುಡುಗ. ಮುಂದೆ ಗೋಡೆ, ಕುರ್ಚಿ, ಹಗ್ಗ, ಮರದ ಇಟ್ಟಿಗೆಗಳನ್ನು ಆಸನಕ್ಕೆ ತಂದ ಅವರ ಪದ್ಧತಿ ನಮ್ಮಂಥವರಿಗೆಂದೇ ಮಾಡಿದಂತಿದೆ. ವೃಕ್ಷಾಸನವನ್ನು ಕೋಣೆಯ ಮೂಲೆಗೆ ಬೆನ್ನು ಕೊಟ್ಟು ಮಾಡಿ, ಬಿದ್ದರೂ ಎರಡು ಗೋಡೆಗಳು ಹಿಡಿಯುತ್ತವೆ. ನಮಗೆ ಆಗದ್ದೊಂದಿದೆ, ವಜ್ರಾಸನ. ಊಟವಾದ ಮೇಲೆ ಕೂರಿ ಎಂದು ಎಲ್ಲರೂ ಹೇಳುವ ಅದೇ ಆಸನ. ಮೊಣಕಾಲಿನ ಹೊರಗೆ ಎಲುಬಿನ ಗುಬುಟಿನ ಮೇಲೆ ಪಾದ ಎತ್ತುವ ನರ ಚರ್ಮದಡಿಯಲ್ಲೇ ಹಾದುಹೋಗುತ್ತದೆ. ಬಹಳ ಹೊತ್ತು ಹಾಗೆ ಕೂತರೆ ಅದು ಒತ್ತಿಹೋಗುತ್ತದೆ. ಕಾಯಿಲೆಯಿಲ್ಲದವರಿಗೂ ಹೀಗೆ ಪಾದ ಜೋತುಬಿದ್ದದ್ದನ್ನು 1971ರಲ್ಲೇ ಅಮೆರಿಕದ ವೈದ್ಯಪತ್ರಿಕೆಯಲ್ಲಿ ಬರೆದಿದ್ದಾರೆ. ನಮ್ಮ ನರಕ್ಕೆ ಇನ್ನೂ ಕಡಿಮೆ ಹೊತ್ತು ಸಾಕು. ಚಕ್ಕಳಮಕ್ಕಳ, ಕಾಲ ಮೇಲೆ ಕಾಲು, ಕುಕ್ಕರಗಾಲಲ್ಲಿ ಗಂಟೆಗಟ್ಟಲೆ ಕಳೆ ಕೀಳುವುದು, ಎಲ್ಲವೂ ಇದೇ ಪಟ್ಟಿಗೆ. ಪಿಎಂಪಿ22 ಮೂರು ಪ್ರತಿ ಇದ್ದವರ ಮಾತು ಹೇಳಿದೆನಲ್ಲ, ಒಂದೇ ಪ್ರತಿ ಇದ್ದವರದ್ದೂ ಒಂದು ಕಾಯಿಲೆ ಇದೆ. ಅವರಿಗೆ ಉಳಿದಂತೆ ಎಲ್ಲ ಸರಿ, ನರ ಒತ್ತಿದ ಜಾಗದಲ್ಲಿ ಮಾತ್ರ ಕೈಯೋ ಕಾಲೋ ವಾರಗಟ್ಟಲೆ ಮರಗಟ್ಟುತ್ತದೆ. ಕಳೆ ಕಿತ್ತು ಎದ್ದಾಗ ಪಾದ ಎತ್ತಲಾಗದೆ ಗಾಳಿ ಸೋಕಿತೆಂದು ಮಂತ್ರ ಹಾಕಿಸಿಕೊಂಡವರಲ್ಲಿ ಇಂಥವರು ಎಷ್ಟಿದ್ದರೋ.

ನೋವು ತಿಳಿಯದಿರುವುದು ಎಷ್ಟು ದೊಡ್ಡ ನಷ್ಟವೆಂದು ಜಗತ್ತಿಗೆ ತೋರಿಸಿದವರು ಪಾಲ್ ಬ್ರ್ಯಾಂಡ್. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿ, ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲು ಸರಿಮಾಡುತ್ತ ಬದುಕಿದ ವೈದ್ಯ. ಬೆರಳುಗಳು ರೋಗದಿಂದ ತಾವಾಗಿ ಉದುರುವುದಿಲ್ಲ, ನೋವಿಲ್ಲದ ಕಾರಣ ಅದೇ ಗಾಯದ ಮೇಲೆ ಮತ್ತೆ ಮತ್ತೆ ನಡೆದು ಸವೆಯುತ್ತವೆ ಎಂದು ಅವರು ಕಂಡುಕೊಂಡರು. ಕುಷ್ಠರೋಗಿಗಳಿಗೆ, ಸಕ್ಕರೆ ಕಾಯಿಲೆಯವರಿಗೆ ಕೊಡುವ ಮೆತ್ತನೆ ಎಂಸಿಆರ್ ರಬ್ಬರಿನ, ಹಿಂದೆ ಪಟ್ಟಿಯಿರುವ ಚಪ್ಪಲಿ ನಮಗೂ ಹೊಂದುತ್ತದೆ. ವ್ಯಾಯಾಮ ಮುಗಿದ ಮೇಲೆ ಕನ್ನಡಿ ಹಿಡಿದು ಅಂಗಾಲು ನೋಡುವುದು ವ್ಯಾಯಾಮದ್ದೇ ಭಾಗ. ಕೆಂಪಾಗಿದ್ದರೆ ಅರ್ಧ ಗಂಟೆ ಕಾದು ಮತ್ತೆ ನೋಡಿ, ಹೋಗದಿದ್ದರೆ ಆ ಶೂ, ಆ ಆಸರೆ ಅಂದಿನಿಂದ ಬಂದ್. ಬೇಸಿಗೆಯ ಮಧ್ಯಾಹ್ನ ಗುಡಿಯ ಕಲ್ಲುಹಾಸಿನ ಮೇಲೆ ಬರಿಗಾಲ ಪ್ರದಕ್ಷಿಣೆ ಬೇಡ, ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ಬೆಳಗ್ಗೆಯೂ ದರ್ಶನವಿದೆ. ಕೊಂಡದ ಮಾತು ಹೇಳಲೇಬೇಕು. ನಮ್ಮ ಕಡೆ ಗ್ರಾಮದೇವತೆಯ ಹಬ್ಬದಲ್ಲಿ ಕೆಂಡ ಹಾಯುತ್ತಾರೆ. ಅಜ್ಜ ಪ್ರತಿವರ್ಷ ಹಾಯುತ್ತಿದ್ದರು, ಒಂದು ಸಲವೂ ಮುಖ ಕಿವಿಚಿದವರಲ್ಲ. ಭಕ್ತಿ ದೊಡ್ಡದೆಂದು ಊರು ಹೊಗಳುತ್ತಿತ್ತು. ಅವರ ಅಂಗಾಲಿನ ಹುಣ್ಣು ತೊಳೆಯುತ್ತಿದ್ದ ಅಜ್ಜಿಗೆ ಮಾತ್ರ ಏನೋ ಅನುಮಾನವಿತ್ತು.

ಅಂಗಳದಲ್ಲಿನ ಒಂದು ಗಿಡವನ್ನೂ ಹೆಸರಿಸಿಬಿಡುತ್ತೇನೆ, ಕಾಶಿಕಣಗಿಲೆ. ನಿತ್ಯಪುಷ್ಪ ಅಂದರೂ ಅದೇ. ಸಕ್ಕರೆ ಕಾಯಿಲೆಗೆಂದು ಅದರ ಎಲೆ ಅಗಿಯುವವರಿದ್ದಾರೆ. ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧಿ ಆ ಗಿಡದ್ದೇ, ಸಿಎಂಟಿ ಇದ್ದವರ ನರಕ್ಕೆ ಅದು ಕಡುವಿಷ. ಕೆಲವರಿಗೆ ಆ ಚಿಕಿತ್ಸೆ ಶುರುವಾಗಿ ಕೈಕಾಲು ಬಿದ್ದುಹೋದ ಮೇಲೆಯೇ ಮೈಯಲ್ಲಿ ಅಡಗಿದ್ದ ಸಿಎಂಟಿ ಬೆಳಕಿಗೆ ಬಂದಿದೆ. ಮನೆಯಲ್ಲಿ ಈ ಕಾಯಿಲೆ ಇದೆಯೆಂದು ಯಾವ ಡಾಕ್ಟರಿಗಾದರೂ ಮೊದಲೇ ಹೇಳಿ, ಎಲೆ ಅಗಿಯುವ ಗೋಜಿಗಂತೂ ಹೋಗಬೇಡಿ. ನರದ ವೀಕ್‌ನೆಸ್‌ಗೆ ಎಂದು ತಿಂಗಳುಗಟ್ಟಲೆ ನುಂಗುವ ಮಾತ್ರೆಗಳಲ್ಲಿ ಬಿ6 ಎಷ್ಟಿದೆ ಎಂದೂ ಕೇಳಿ. ಮಿತಿಮೀರಿದ ಬಿ6 ತಾನೇ ನರ ಕೆಡಿಸುತ್ತದೆ.

ಎಷ್ಟು ಮಾಡಬೇಕು ಎಂಬ ಪ್ರಶ್ನೆಗೆ ಮಂಡ್ಯದ ಆ ಹೆಣ್ಣುಮಗಳು ಕೊಟ್ಟ ಅಳತೆ ಇವತ್ತಿಗೂ ಬಳಸುತ್ತೇನೆ: ಮಾಡಿದ ದಿನವನ್ನು ನೋಡಬೇಡಿ, ಮಾರನೇ ದಿನ ಅದೇ ಹೊತ್ತಿಗೆ ನೋಡಿ. ಮೈ ಹಗುರಾಗಿದ್ದರೆ ಸರಿ. ನಿನ್ನೆಗಿಂತ ಪಾದ ಹೆಚ್ಚು ಜೋತಿದ್ದರೆ, ಎರಡು ದಿನವಾದರೂ ನೋವು ಇಳಿಯದಿದ್ದರೆ, ರಾತ್ರಿ ಮೀನಖಂಡ ಹಿಡಿದುಕೊಂಡರೆ ಅರ್ಧಕ್ಕೆ ಇಳಿಸಿ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ, ಅಂಗಾತ ಮಲಗಿದಾಗ ಉಸಿರು ಕಟ್ಟಿದರೆ ಅದೇ ದಿನ ಆಸ್ಪತ್ರೆ.

ರೇಷ್ಮೆ ಬೆಳೆಯ ಮನೆಯಲ್ಲಿ ಈ ಅಳತೆಗೆ ಇನ್ನೊಂದು ಲೆಕ್ಕ ಸೇರುತ್ತದೆ. ಎಳೆಯ ಚಾಕಿ ಹುಳು ಇದ್ದಾಗ ಬಿಡುವಿರುತ್ತದೆ. ಪೊರೆ ಬಿಡುವ ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಹಗಲು ರಾತ್ರಿ ಸೊಪ್ಪು ತಿನ್ನುತ್ತದೆ, ಹಣ್ಣಾದರೆ ಗೂಡು ಕಟ್ಟುವ ಚಂದ್ರಿಕೆಗೆ ಬಿಡುವವರೆಗೂ ಯಾರಿಗೂ ನಿದ್ದೆಯಿಲ್ಲ. ಆ ವಾರ ಟ್ಯೂಬು ಗೂಟದಲ್ಲೇ ನೇತಾಡುತ್ತದೆ. ಮೀನಖಂಡ ಹಿಗ್ಗಿಸುವುದೊಂದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ, ದುಡಿಮೆಯೇ ಅಂದಿನ ಪಾಲನ್ನು ತಿಂದು ಮುಗಿಸಿರುತ್ತದೆ. ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಹಾಕಿ ಬಂದ ಮೇಲೆ ಮತ್ತೆ ಶುರು, ಬಿಟ್ಟಲ್ಲಿಂದ ಅಲ್ಲ, ಎರಡು ಮೆಟ್ಟಿಲು ಕೆಳಗಿಂದ.

ಹೋದ ಬೆಳೆ ಮುಗಿದ ಮಾರನೇ ವಾರ ಅಪ್ಪ ಪಡಸಾಲೆಗೆ ಬಂದು, "ಏನೋ ದಿನಾ ಎಳೀತೀಯಲ್ಲ, ಇತ್ತ ಕೊಡ್ಲಾ ನೋಡವ" ಅಂದರು. ಕುಣಿಕೆ ಹಾಕಿದೆ. ಪಾದ ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಆ ಪಾದವನ್ನೇ ನೋಡುತ್ತ ಕೂತೆವು. "ಇದು ನಿಂಗಲ್ಲಪ್ಪ, ನಿಂದು ಬೇರೆ ಅದೆ" ಎಂದು ಗೋಡೆಗೊರಗಿಸಿ ಕುರ್ಚಿ ಇಟ್ಟೆ. ಕೈ ಎದೆಗೆ ಕಟ್ಟಿ ಎದ್ದು ಕೂರಬೇಕು ಅಂದೆ. ಮೊದಲ ಸಲ ಎದ್ದಾಗ ಮುಂದೆ ನಿಂತು ಭುಜ ಹಿಡಿದಿದ್ದೆ. ಅವರು ರಾಗಿ ಅಳೆಯುವಾಗ ಎಣಿಸುವ ಹಾಗೆಯೇ ಎಣಿಸಿದರು. ಲಾಭ. ಎರಡು. ಮೂರು. ಎಂಟಕ್ಕೆ ನಿಲ್ಲಿಸಿ, "ನಾಳೆ ಇದೇ ಒತ್ಗೆ ನೋಡವ" ಅಂದು ಬೀಡಿ ಹುಡುಕಿದರು.